ಸಿಗರೇಟು ಬಿಡೋ ಖರ್ಚಿಗೂ ತೆರಿಗೆ ವಿನಾಯಿತಿ

ಅಮೆರಿಕದಲ್ಲಿದ್ದೀರಾ? ಸಿಗರೇಟು ಬಿಡೋಕೆ ದುಡ್ಡು ಖರ್ಚು ಮಾಡಿದ್ದೀರಾ? ಆ ರಸೀದಿ ಎಸೀಬೇಡಿ.

1999ಕ್ಕೆ ಮುಂಚೆ ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಇದನ್ನ ವೈದ್ಯಕೀಯ ಖರ್ಚು ಅಂತ ಒಪ್ತಿರಲಿಲ್ಲ. ಆ ವರ್ಷ ನಿಲುವು ಬದಲಾಯ್ತು. ಈಗ ಧೂಮಪಾನ ಬಿಡಿಸೋ ಶಿಬಿರದ ಶುಲ್ಕ, ಡಾಕ್ಟರ್ ಬರೆದುಕೊಟ್ರೆ ಮಾತ್ರ ಸಿಗೋ ಮಾತ್ರೆ, ಎರಡೂ ಲೆಕ್ಕಕ್ಕೆ ಬರುತ್ತೆ.

ಆದ್ರೆ ಚೀಟಿ ಇಲ್ದೆ ಅಂಗಡೀಲಿ ಸಿಗೋ ನಿಕೋಟಿನ್ ಗಮ್, ಪ್ಯಾಚ್ ಬರಲ್ಲ. ಇದು ಸರಿಯಲ್ಲ ಅಂತಲೇ ನನ್ನ ಅನಿಸಿಕೆ. ಬಿಡೋ ಹಟಕ್ಕೆ ಅವೂ ಆಸರೆ ತಾನೇ? ಅವಕ್ಕೆ ವೈದ್ಯಕೀಯ ಖರ್ಚಿಗೆ ಅಂತ ಹಣ ತೆಗೆದಿಡೋ ಎಚ್‌ಎಸ್‌ಎ, ಎಫ್‌ಎಸ್‌ಎ ಖಾತೆಯ ಹಣ ಬಳಸ್ಕೊಳ್ಳಿ, 2020ರಿಂದ ಅವಕಾಶ ಇದೆ.

ತೆರಿಗೆ ವಿನಾಯಿತಿಯ ಷರತ್ತು ಗಟ್ಟಿಯಾಗಿದೆ. ವರ್ಷದ ವೈದ್ಯಕೀಯ ಖರ್ಚೆಲ್ಲಾ ಸೇರಿ ನಿಮ್ಮ ಎಜಿಐ, ಅಂದ್ರೆ ಹೊಂದಾಣಿಕೆಯಾದ ಆದಾಯದ ಶೇ. 7.5 ದಾಟಬೇಕು. ದಾಟಿದ ಭಾಗಕ್ಕಷ್ಟೇ ವಿನಾಯಿತಿ, ಅದೂ ಖರ್ಚುಗಳನ್ನ ಬಿಡಿಬಿಡಿಯಾಗಿ ತೋರಿಸೋ ಷೆಡ್ಯೂಲ್ ಎ ನಮೂನೆ ತುಂಬಿದವರಿಗೆ ಮಾತ್ರ. ವಿಮೆ ಕೊಟ್ಟ ಹಣ ಸೇರಿಸಬೇಡಿ.