ಅಸ್ಪಷ್ಟವೋ, ಸಂದಿಗ್ಧವೋ, ಗೂಢವೋ?

ತಿಳಿಯದ ಬರಹವನ್ನೆಲ್ಲ 'ಅಸ್ಪಷ್ಟ' ಎಂಬ ಒಂದೇ ಪದದಿಂದ ಕರೆಯುವುದು ರೂಢಿ. ಆದರೆ ಮಾತು ತಿಳಿಯದಿರುವುದಕ್ಕೆ ಕಾರಣಗಳು ಹಲವು. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಪದವಿದೆ. ಈ ಭೇದವು ನಿಘಂಟಿಗಷ್ಟೇ ಸೀಮಿತವಲ್ಲ. ಹೊಲ, ಹಣಗಳ ವ್ಯವಹಾರವೂ ಅದರ ಮೇಲೆ ನಿಲ್ಲುತ್ತದೆ.

'ವೇಗ್' ಎಂಬುದರ ಮೂಲ ಲ್ಯಾಟಿನ್, ಅಲೆದಾಡುವ ಎಂದರ್ಥ. ಇಲ್ಲಿ ಅರ್ಥಕ್ಕೆ ಗಡಿಯೇ ಇಲ್ಲ. 'ನೂರು ಟನ್ ಎಣ್ಣೆ ಮಾರುತ್ತೇನೆ' ಎಂದು ಬರೆದು, ಯಾವ ಎಣ್ಣೆಯೆಂದು ತಿಳಿಯಲು ಯಾವ ದಾರಿಯೂ ಇರದಿದ್ದರೆ ಆ ಒಪ್ಪಂದ ಅನೂರ್ಜಿತ ಎನ್ನುತ್ತದೆ 1872ರ ಕರಾರು ಕಾಯ್ದೆಯ 29ನೇ ಕಲಮು. ಇದೇ ನಿಜವಾದ ಅಸ್ಪಷ್ಟತೆ.

'ಆಂಬಿಗ್ಯುಅಸ್' ಹಾಗಲ್ಲ. ಇಲ್ಲಿ ಅರ್ಥಗಳು ಎರಡು, ಆಯ್ಕೆಯಷ್ಟೇ ಕಷ್ಟ. ಕನ್ನಡದ 'ಸಂದಿಗ್ಧ' ಇದಕ್ಕೆ ಸಮೀಪ. 1872ರ ಸಾಕ್ಷ್ಯ ಕಾಯ್ದೆ ಇದರಲ್ಲೂ ಎರಡು ಬಗೆ ಗುರುತಿಸಿತ್ತು. ಕುದುರೆಯ ಬೆಲೆ 'ಸಾವಿರ ಅಥವಾ ಒಂದೂವರೆ ಸಾವಿರ' ಎಂದು ಬರೆದಿದ್ದರೆ ದೋಷ ಪತ್ರದ ಮುಖದಲ್ಲೇ ಇದೆ. ಹೊರಗಿನ ಸಾಕ್ಷ್ಯದಿಂದ ಅದನ್ನು ತಿದ್ದಲಾಗದು. 'ಹೈದರಾಬಾದಿಗೆ ಬರುತ್ತೇನೆ' ಎಂದಿದ್ದರೆ ಮಾತು ಸ್ಪಷ್ಟವೇ. ದಖನ್ನಿನಲ್ಲೊಂದು, ಸಿಂಧದಲ್ಲೊಂದು ಹೈದರಾಬಾದ್ ಇರುವುದರಿಂದ ಸಂದೇಹ ಅಡಗಿ ಕುಳಿತಿದೆ. ಇದಕ್ಕೆ ಸಾಕ್ಷ್ಯ ತರಬಹುದು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದ್ದರೂ ಈ ತತ್ವ ಉಳಿದಿದೆ.

ವಿಜಯಪುರ ಜಿಲ್ಲೆಯ ಮುಳವಾಡದಂಥ ಊರಿಗೆ ಇದನ್ನು ಅನ್ವಯಿಸಿ ನೋಡಬಹುದು. ಆಲಮಟ್ಟಿಯ ನೀರನ್ನೆತ್ತುವ ಏತ ನೀರಾವರಿ ಯೋಜನೆಗೆ ಈ ಊರಿನದೇ ಹೆಸರು. ನೀರು ಬಂದಲ್ಲಿ ಭೂಮಿಯ ವ್ಯವಹಾರಕ್ಕೂ ತೂಕ ಹೆಚ್ಚು. ಕರಾರಿನಲ್ಲಿ 'ನನ್ನ ಎರೆಹೊಲ' ಎಂದಷ್ಟೇ ಬರೆದವನಿಗೆ ಅಂಥ ಹೊಲ ಎರಡಿದ್ದರೆ, ಯಾವುದೆಂದು ಸಾಕ್ಷ್ಯದಿಂದ ತೋರಿಸಬಹುದು. ಬರೆಯಬೇಕಾದಲ್ಲಿ ಖಾಲಿ ಬಿಟ್ಟಿದ್ದರೆ ಆ ಅವಕಾಶವೂ ಇಲ್ಲ. ಸರ್ವೆ ನಂಬರು, ಎಕರೆ-ಗುಂಟೆ, ಚಕ್ಕುಬಂದಿಗಳನ್ನು ನಮೂದಿಸುವುದರ ಮಹತ್ವ ಇಲ್ಲಿದೆ.

ಇನ್ನೆರಡು ಪದಗಳಿವೆ. 'ಅಬ್‌ಸ್ಕ್ಯೂರ್' ಎಂದರೆ ಮಬ್ಬು ಕವಿದದ್ದು. ಅರ್ಥವಿದೆ, ಬೆಳಕು ಸಾಲದು. ಗ್ರೀಕ್ ಮೂಲದ 'ಕ್ರಿಪ್ಟಿಕ್' ಎಂದರೆ ಬೇಕೆಂದೇ ಮರೆಮಾಡಿದ್ದು, ಗೂಢ. ಅಲ್ಲಮಪ್ರಭುವಿನ ಬೆಡಗಿನ ವಚನಗಳು ಈ ಸಾಲಿಗೆ ಸೇರುತ್ತವೆ. ವಿಜಯಪುರದಲ್ಲಿ ನೆಲೆಸಿ ವಚನಗಳ ಓಲೆಗರಿಗಳನ್ನು ಹುಡುಕಿ ಸಂಗ್ರಹಿಸಿದ ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರ ಸಾರ' ಪ್ರಕಟಿಸಿದ ಮೇಲೆ ವಚನಗಳು ವ್ಯಾಪಕ ಓದುಗರನ್ನು ತಲುಪಿದವು. ಬೆಡಗಿನಲ್ಲಿ ಅರ್ಥ ತಪ್ಪಿಹೋಗಿಲ್ಲ, ಹುಡುಕುವವರಿಗಾಗಿ ಕಾದಿದೆ.

ಬೆಡಗನ್ನು ಅಸ್ಪಷ್ಟವೆಂದು ತಳ್ಳುವುದು ಓದಿನ ನಷ್ಟ. ಅಸ್ಪಷ್ಟ ಪತ್ರವನ್ನು ಗೂಢವೆಂದು ನಂಬಿ ಸಹಿ ಹಾಕುವುದು ಬದುಕಿನ ನಷ್ಟ. ಮಾತು ತಿಳಿಯದಾದಾಗ ಗಡಿಯಿಲ್ಲವೋ, ಎರಡು ದಾರಿಯಿವೆಯೋ, ಬೆಳಕಿಲ್ಲವೋ, ಮರೆಯಿದೆಯೋ ಎಂದು ಮೊದಲು ಕೇಳಿಕೊಳ್ಳುವುದು ಒಳಿತು.