ಲಾಂಛನ ಅಳಿಸಿದರೂ ಉಳಿದ ಮುಖ

ಜಪಾನಿನ ಕಬುಕಿ ರಂಗಭೂಮಿಯ ನಟರ ಮರದಚ್ಚಿನ ಚಿತ್ರಗಳಲ್ಲಿ ಇಂದು ನಮ್ಮನ್ನು ಹಿಡಿದು ನಿಲ್ಲಿಸುವುದು ಮುಖ: ಮೆಳ್ಳಗಣ್ಣು, ಕೊಂಕಿದ ತುಟಿ, ಬಾಗಿದ ಮೂಗು. ಆದರೆ ಈ ಚಿತ್ರಗಳು ಎಡೊದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಬಿಕರಿಗೆ ಬಂದ ಮೊದಲ ಎಪ್ಪತ್ತು ವರ್ಷಗಳ ಕಾಲ ಅವುಗಳಲ್ಲಿ ನಟನ ಸ್ವಂತ ಮುಖ ಇರಲೇ ಇಲ್ಲ ಎನ್ನಬೇಕು. 17ನೇ ಶತಮಾನದ ಕೊನೆಯಲ್ಲಿ ಇವುಗಳಿಗೆ ರೂಪ ಕೊಟ್ಟ ತೊರಿಯಿ ಕಿಯೊನೊಬುವಿನ ಮನೆತನದ ಕಸುಬು ನಾಟಕಶಾಲೆಗಳ ಜಾಹೀರಾತು ಫಲಕ ಬರೆಯುವುದು. ದೂರದಿಂದಲೇ ಜನರನ್ನು ಸೆಳೆಯಲು ಉಬ್ಬಿದ ಮೀನಖಂಡ, ದಪ್ಪ-ತೆಳುವಾಗಿ ಹೊರಳುವ ಗೆರೆ ಸಾಕಿತ್ತು. ಅದೇ ಶೈಲಿ ಅಚ್ಚಿನ ಹಾಳೆಗೂ ಇಳಿಯಿತು. ನಟ ಯಾರೆಂದು ಹೇಳುತ್ತಿದ್ದದ್ದು ಹೆಸರು ಮತ್ತು ಉಡುಪಿನ ಮೇಲಿನ ಲಾಂಛನ. ಒಂದರೊಳಗೊಂದು ಕೂತ ಮೂರು ಚೌಕದ ಅಳತೆಪಡಿಗಳಿದ್ದರೆ ಅವನು ಇಚಿಕಾವಾ ದಾಂಜೂರೊ.

ಮುಖ ಬಂದದ್ದು ಹೇಗೆ? 1765ರ ಹೊತ್ತಿಗೆ ಬಣ್ಣಕ್ಕೊಂದು ಹಲಗೆ ಕೆತ್ತಿ, ಅಂಚಿನ ಗುರುತಿಗೆ ಕಾಗದ ಕೂರಿಸಿ, ಹಲವು ಬಣ್ಣ ಒತ್ತುವ ವಿಧಾನ ಪಕ್ವವಾಗಿತ್ತು. ಅದರ ಫಲವೇ ಇದು ಎನ್ನುವುದು ಸುಲಭ. ಆದರೆ ಆ ವಿಧಾನದಲ್ಲಿ ಹೆಸರಾದ ಚಿತ್ರಕಾರ ಹರುನೊಬುವಿನ ಹುಡುಗಿಯರೆಲ್ಲರಿಗೂ ಹೆಚ್ಚುಕಡಿಮೆ ಒಂದೇ ಮುಖ. ಕಾರಣವನ್ನು ಬಣ್ಣಕ್ಕಿಂತ ಕೊಳ್ಳುವವರಲ್ಲಿ ಹುಡುಕಬೇಕು. ಕಬುಕಿಯಲ್ಲಿ ಹೆಸರೂ ಲಾಂಛನವೂ ತಲೆಮಾರಿನಿಂದ ತಲೆಮಾರಿಗೆ ದಾಟುತ್ತವೆ. ಅವು ಮನೆತನವನ್ನು ತೋರಿಸುತ್ತವೆಯೇ ಹೊರತು ಇವತ್ತು ರಂಗದ ಮೇಲೆ ನಿಂತವನನ್ನಲ್ಲ. ಅಭಿಮಾನಿಗೆ ಬೇಕಾದವನು ಇವತ್ತಿನವನು. 1770ರಲ್ಲಿ ಚಿತ್ರಕಾರರಾದ ಕಟ್ಸುಕಾವಾ ಶುನ್‌ಶೊ ಮತ್ತು ಬುಂಚೊ ಬೀಸಣಿಗೆಯ ಚೌಕಟ್ಟಿನಲ್ಲಿ ನಟರ ಭಾವಚಿತ್ರಗಳ ಪುಸ್ತಕ ತಂದಾಗ ಮುಖದಿಂದಲೇ ನಟನನ್ನು ಗುರುತಿಸುವ ಪರಿಪಾಠ ಗಟ್ಟಿಯಾಯಿತು. ನಾಟಕ ನಡೆಯುತ್ತಿರುವಾಗಲೇ ಹಾಳೆ ಖರ್ಚಾಗಬೇಕೆಂದು ಹಣ ಹೂಡಿದ ಪ್ರಕಾಶಕನಿಗೆ ಹೋಲಿಕೆಯೇ ಸರಕು.

ಇದಕ್ಕೆ ದೊಡ್ಡ ಆಕ್ಷೇಪ ಚಿತ್ರಕಾರ ಶರಾಕು. 1794ರ ಬೇಸಿಗೆಯಿಂದ ಸುಮಾರು ಹತ್ತು ತಿಂಗಳಲ್ಲಿ 140ಕ್ಕೂ ಹೆಚ್ಚು ಚಿತ್ರ ಬರೆದು ಅವನು ಕಾಣೆಯಾದ. ಅವನು ಬರೆದ ನಟ ಒತಾನಿ ಒನಿಜಿಯ ಚಿತ್ರದಲ್ಲಿ ಬೆರಳು ಕೆದರಿದ ಕೈಗಳು ನಿಲುವಂಗಿಯಿಂದ ಹೊರಚಾಚಿವೆ. ಹೆಣ್ಣುವೇಷಗಳಲ್ಲಂತೂ ಬಿಳಿಬಣ್ಣದ ಹಿಂದಿನ ಗಂಡಸಿನ ದವಡೆ ಮರೆಯಾಗುವುದೇ ಇಲ್ಲ. ತೀರಾ ನಿಜ ಬರೆದದ್ದೇ ಅವನಿಗೆ ಮುಳುವಾಯಿತು ಎಂಬ ಮಾತು ಸಮಕಾಲೀನ ಲೇಖಕ ಓತಾ ನಂಪೊನಿಂದಲೇ ಬಂದಿದೆ. ಹಾಗಾದರೆ ಮಾರುಕಟ್ಟೆಗೆ ಮುಖ ಬೇಡವಾಗಿತ್ತೇ? ಅದೇ ವರ್ಷ ಇನ್ನೊಬ್ಬ ಚಿತ್ರಕಾರ ತೊಯೊಕುನಿ ಅದೇ ರಂಗದ ನಟರನ್ನು ಗುರುತು ಸಿಗುವಂತೆಯೂ ಚೆಲುವು ಕೆಡದಂತೆಯೂ ಬರೆದು ದಶಕಗಳ ಕಾಲ ಮೆರೆದ. ಜನ ಒಲ್ಲೆವೆಂದದ್ದು ದಾಕ್ಷಿಣ್ಯವಿಲ್ಲದ ಹೋಲಿಕೆಯನ್ನು, ಹೋಲಿಕೆಯನ್ನೇ ಅಲ್ಲ.

ಈ ವಾದಕ್ಕೆ ಒರೆಗಲ್ಲು ಒದಗಿಸಿದ್ದು ಸರ್ಕಾರ. 1842ರಲ್ಲಿ, ಆಡಂಬರ ಹತ್ತಿಕ್ಕುವ ಸುಧಾರಣೆಗಳ ಹೆಸರಿನಲ್ಲಿ ನಟರ ಚಿತ್ರಗಳಿಗೆ ನಿಷೇಧ ಬಿತ್ತು. ಕೆಲವು ವರ್ಷಗಳಲ್ಲೇ ಚಿತ್ರಕಾರ ಕುನಿಯೊಶಿ ಗೋದಾಮಿನ ಗೋಡೆಯ ಮೇಲೆ ಪೋಲಿಗಳು ಮೊಳೆಯಿಂದ ಗೀಚಿದಂತೆ ಒಂದಷ್ಟು ವ್ಯಂಗ್ಯಮುಖಗಳನ್ನು ಅಚ್ಚು ಹಾಕಿಸಿದ. ನಟರ ಹೆಸರಿಲ್ಲ, ಆದರೂ ಯಾವ ಮುಖ ಯಾವ ನಟನದೆಂದು ಊರಿಗೆಲ್ಲ ಗೊತ್ತಾಯಿತು. ನಟರ ಹೆಸರು ಬಿಟ್ಟು ಬಂದ ಇತರ ಹಾಳೆಗಳಿಗೂ ಗಿರಾಕಿಗಳಿದ್ದರು. ಲಾಂಛನ ನೋಡಿ ನಟನನ್ನು ಗುರುತಿಸುತ್ತಿದ್ದ ಕಾಲದಲ್ಲೇ ಇಂಥ ನಿಷೇಧ ಬಂದಿದ್ದರೆ ಈ ವ್ಯಾಪಾರ ಅಲ್ಲಿಗೇ ನಿಲ್ಲುತ್ತಿತ್ತು. ಮಾರಾಟದ ಒತ್ತಡ ಕಲೆಯನ್ನು ಕೆಡಿಸುತ್ತದೆ ಎನ್ನುವವರು ಗಮನಿಸಬೇಕಾದ ಉದಾಹರಣೆ ಇದು: ಇಲ್ಲಿ ಭಾವಚಿತ್ರ ಕಲೆಯನ್ನು ಬೆಳೆಸಿದ್ದೇ ಆ ಒತ್ತಡ.