ಸ್ತನ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆ: ನಿರ್ಧರಿಸುವ ಮುನ್ನ ತಿಳಿದಿರಬೇಕಾದ ಅಂಶಗಳು

ಅತಿಯಾದ ಸ್ತನಭಾರದಿಂದ ಬಳಲುವ ಮಹಿಳೆಯರಲ್ಲಿ ಅನೇಕರು ಸಂಕೋಚದಿಂದಾಗಿ ತಮ್ಮ ತೊಂದರೆಯನ್ನು ಮನೆಯವರಲ್ಲಿಯೂ ಹೇಳಿಕೊಳ್ಳುವುದಿಲ್ಲ. ಇದು ಕೇವಲ ಸೌಂದರ್ಯಕ್ಕೆ ಸಂಬಂಧಿಸಿದ ವಿಷಯವಲ್ಲ. ಚಿಕಿತ್ಸೆಯಿಂದ ಪರಿಹರಿಸಬಹುದಾದ ಆರೋಗ್ಯ ಸಮಸ್ಯೆಯೂ ಆಗಿರಬಹುದು. ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

1. ಯಾರಿಗೆ ಅಗತ್ಯವಾಗಬಹುದು?

ಕುತ್ತಿಗೆ, ಭುಜ ಹಾಗೂ ಬೆನ್ನಿನಲ್ಲಿ ನಿರಂತರ ನೋವು, ಒಳಉಡುಪಿನ ಪಟ್ಟಿಯಿಂದ ಭುಜದ ಮೇಲೆ ಬೀಳುವ ಆಳವಾದ ಗುರುತು, ಸ್ತನದ ಕೆಳಭಾಗದಲ್ಲಿ ಬೆವರಿನಿಂದ ಪದೇ ಪದೇ ಉಂಟಾಗುವ ಶಿಲೀಂಧ್ರ ಸೋಂಕು, ನಡೆಯಲು ಅಥವಾ ವ್ಯಾಯಾಮ ಮಾಡಲು ಅಡಚಣೆ ಇವು ಪ್ರಮುಖ ಲಕ್ಷಣಗಳು. ಬೊಜ್ಜು ಇರುವವರಲ್ಲಿ ದೇಹತೂಕ ಇಳಿದಾಗ ಸ್ತನದ ಗಾತ್ರವೂ ಸ್ವಲ್ಪಮಟ್ಟಿಗೆ ಇಳಿಯಬಹುದಾದ್ದರಿಂದ, ತೂಕವು ಸ್ಥಿರಗೊಂಡ ನಂತರ ನಿರ್ಧರಿಸುವುದು ಸೂಕ್ತ. ಲೇಪನ, ತೈಲ ಅಥವಾ ಮಾತ್ರೆಗಳಿಂದ ಗಾತ್ರ ಇಳಿಸುವುದಾಗಿ ಹೇಳುವ ಜಾಹೀರಾತುಗಳನ್ನು ನಂಬಬಾರದು.

2. ಶಸ್ತ್ರಚಿಕಿತ್ಸೆಯ ಸ್ವರೂಪ

ಇದನ್ನು ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯಲ್ಲಿ ನಡೆಸಲಾಗುತ್ತದೆ. ಹೆಚ್ಚುವರಿ ಕೊಬ್ಬು, ಗ್ರಂಥಿ ಅಂಗಾಂಶ ಮತ್ತು ಚರ್ಮವನ್ನು ತೆಗೆದು, ತೊಟ್ಟನ್ನು ರಕ್ತಸಂಚಾರ ಕೆಡದಂತೆ ಮೇಲಕ್ಕೆ ಸ್ಥಳಾಂತರಿಸಲಾಗುತ್ತದೆ. ಗಾಯದ ಗುರುತು ತೊಟ್ಟಿನ ಸುತ್ತ, ಅಲ್ಲಿಂದ ಕೆಳಕ್ಕೆ ನೇರವಾಗಿ, ಅಗತ್ಯವಿದ್ದಲ್ಲಿ ಸ್ತನದ ಕೆಳಗಿನ ಮಡಿಕೆಯ ಉದ್ದಕ್ಕೂ ಇರುತ್ತದೆ. ಗುರುತು ಕ್ರಮೇಣ ಮಸುಕಾಗುವುದೇ ಹೊರತು ಸಂಪೂರ್ಣವಾಗಿ ಮಾಯವಾಗುವುದಿಲ್ಲ. ತೆಗೆದ ಅಂಗಾಂಶವನ್ನು ರೋಗಶಾಸ್ತ್ರ ಪರೀಕ್ಷೆಗೆ ಕಳುಹಿಸಿ, ಅದರ ವರದಿಯನ್ನು ಕೇಳಿ ಪಡೆಯತಕ್ಕದ್ದು.

3. ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕಾದ ವಿಷಯಗಳು

(ಅ) ಮಧುಮೇಹ, ರಕ್ತದೊತ್ತಡ, ಥೈರಾಯ್ಡ್, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ, ಔಷಧ ಅಲರ್ಜಿ.

(ಆ) ಆಸ್ಪಿರಿನ್ ಮೊದಲಾದ ರಕ್ತ ತೆಳುಗೊಳಿಸುವ ಔಷಧಗಳು, ಗರ್ಭನಿರೋಧಕ ಮಾತ್ರೆಗಳು, ನಾಟಿ ಹಾಗೂ ಆಯುರ್ವೇದ ಔಷಧಗಳ ಸೇವನೆ. ಇವುಗಳನ್ನು ತಾವಾಗಿಯೇ ನಿಲ್ಲಿಸಬಾರದು. ವೈದ್ಯರ ಸೂಚನೆಯಂತೆ ನಡೆಯಬೇಕು.

(ಇ) ಧೂಮಪಾನ ಅಥವಾ ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಸೇವಿಸುವ ಅಭ್ಯಾಸ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಗಾಯ ಒಣಗದೆ ತೊಟ್ಟಿಗೆ ಹಾನಿಯಾಗುವ ಸಂಭವವಿದೆ. ಕನಿಷ್ಠ 4 ವಾರ ಮೊದಲೇ ತಂಬಾಕನ್ನು ತ್ಯಜಿಸಬೇಕು.

(ಈ) ತಾಯಿ ಅಥವಾ ಸಹೋದರಿಗೆ ಸ್ತನ ಕ್ಯಾನ್ಸರ್ ಬಂದಿದ್ದ ವಿವರ. 40 ವರ್ಷ ಮೀರಿದವರಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಮ್ಯಾಮೋಗ್ರಾಂ ಪರೀಕ್ಷೆಯನ್ನು ಸಾಮಾನ್ಯವಾಗಿ ಸೂಚಿಸಲಾಗುತ್ತದೆ.

4. ಸಂಭವನೀಯ ತೊಂದರೆಗಳು

ರಕ್ತಸ್ರಾವ, ಸೋಂಕು, ಗಾಯ ಒಣಗಲು ವಿಳಂಬ, ಎರಡೂ ಬದಿಗಳಲ್ಲಿ ಅಲ್ಪ ವ್ಯತ್ಯಾಸ, ತೊಟ್ಟಿನ ಸ್ಪರ್ಶಜ್ಞಾನ ಕಡಿಮೆಯಾಗುವುದು ಅಥವಾ ಇಲ್ಲವಾಗುವುದು ಸಂಭವನೀಯ. ಮುಂದೆ ಮಗುವಿಗೆ ಸಾಕಷ್ಟು ಹಾಲುಣಿಸಲು ಸಾಧ್ಯವಾಗದೇ ಇರಬಹುದು. ಗರ್ಭಧಾರಣೆಯಿಂದ ಸ್ತನದ ಆಕಾರ ಮತ್ತೆ ಬದಲಾಗಬಹುದು. ಆದ್ದರಿಂದ ಮಕ್ಕಳನ್ನು ಪಡೆಯುವ ಯೋಚನೆಯುಳ್ಳವರು ಈ ವಿಷಯವನ್ನು ವೈದ್ಯರೊಡನೆ ಮುಕ್ತವಾಗಿ ಚರ್ಚಿಸತಕ್ಕದ್ದು. ಹದಿಹರೆಯದವರಲ್ಲಿ ಬೆಳವಣಿಗೆ ಪೂರ್ಣಗೊಳ್ಳುವವರೆಗೆ ಕಾಯುವುದು ಒಳಿತು.

5. ಒಪ್ಪಿಗೆ ಮತ್ತು ಹಕ್ಕುಗಳು

18 ವರ್ಷ ತುಂಬಿದ ಮಹಿಳೆಯು ತನ್ನ ಶಸ್ತ್ರಚಿಕಿತ್ಸೆಗೆ ತಾನೇ ಒಪ್ಪಿಗೆ ನೀಡಬಹುದಾಗಿದೆ. ಚಿಕಿತ್ಸೆಯ ಸ್ವರೂಪ, ಅಪಾಯ ಹಾಗೂ ಪರ್ಯಾಯಗಳನ್ನು ತಿಳಿಸಿದ ನಂತರವೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಅರ್ಥವಾಗದ ಭಾಷೆಯಲ್ಲಿರುವ ನಮೂನೆಗೆ ವಿವರಣೆ ಕೇಳದೆ ಸಹಿ ಮಾಡಬಾರದು. ವೈದ್ಯಕೀಯ ದಾಖಲೆಗಳನ್ನು ಕೋರಿದಲ್ಲಿ, 2002ರ ವೈದ್ಯಕೀಯ ನೀತಿ ನಿಯಮಗಳನ್ವಯ 72 ಗಂಟೆಗಳೊಳಗೆ ಒದಗಿಸಬೇಕಾಗುತ್ತದೆ.

ಶಸ್ತ್ರಚಿಕಿತ್ಸಕರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ತತ್ಸಮಾನ ಪದವಿ ಹೊಂದಿರುವುದನ್ನು ಹಾಗೂ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಿರುವುದನ್ನು ಪರಿಶೀಲಿಸಿಕೊಳ್ಳಬೇಕು. ಖಾಸಗಿ ಆಸ್ಪತ್ರೆಯು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಡಿ ನೋಂದಾಯಿತವಾಗಿರಬೇಕು.

6. ವೆಚ್ಚ ಮತ್ತು ವಿಮೆ

ಶಸ್ತ್ರಚಿಕಿತ್ಸಕರ ಶುಲ್ಕ, ಅರಿವಳಿಕೆ, ಕೊಠಡಿ ಬಾಡಿಗೆ, ಔಷಧ, ಅಂಗಾಂಶ ಪರೀಕ್ಷೆ ಮತ್ತು ತೆರಿಗೆ ಇವುಗಳನ್ನು ಪ್ರತ್ಯೇಕವಾಗಿ ತೋರಿಸಿದ ಅಂದಾಜು ಪಟ್ಟಿಯನ್ನು ಬರವಣಿಗೆಯಲ್ಲಿ ಪಡೆಯಬೇಕು. ಮರು ಶಸ್ತ್ರಚಿಕಿತ್ಸೆ ಅಗತ್ಯವಾದಲ್ಲಿ ಅದರ ವೆಚ್ಚ ಯಾರದೆಂಬುದನ್ನೂ ಕೇಳಿಕೊಳ್ಳಬೇಕು. ಸೌಂದರ್ಯವರ್ಧಕ ಶಸ್ತ್ರಚಿಕಿತ್ಸೆಯು ಆರೋಗ್ಯ ವಿಮೆಯ ವ್ಯಾಪ್ತಿಗೆ ಸಾಮಾನ್ಯವಾಗಿ ಒಳಪಡುವುದಿಲ್ಲ. ವೈದ್ಯಕೀಯ ಅಗತ್ಯವೆಂದು ಕೋರುವವರು ವೈದ್ಯರ ಪ್ರಮಾಣಪತ್ರ, ಹಿಂದಿನ ಚಿಕಿತ್ಸಾ ಚೀಟಿಗಳೊಂದಿಗೆ ವಿಮಾ ಕಂಪನಿಯ ಲಿಖಿತ ಉತ್ತರವನ್ನು ದಾಖಲಾಗುವ ಮೊದಲೇ ಪಡೆಯುವುದು ಕ್ಷೇಮಕರ. ಕೇವಲ ಮೌಖಿಕ ಭರವಸೆಯನ್ನು ನಂಬಿ ಸಾಲ ಮಾಡಬಾರದು.

7. ಚೇತರಿಕೆ

ಆಧಾರ ನೀಡುವ ಒಳಉಡುಪನ್ನು ಕೆಲವು ವಾರ ಹಗಲು ರಾತ್ರಿ ಧರಿಸಬೇಕು. ಲಘು ಕೆಲಸಗಳಿಗೆ 2 ವಾರಗಳ ನಂತರ ಮರಳಬಹುದು. ನೀರಿನ ಕೊಡ, ಅನಿಲ ಸಿಲಿಂಡರ್ ಎತ್ತುವುದು, ಮಗುವನ್ನು ಕಂಕುಳಲ್ಲಿ ಹೊರುವುದು ಇವನ್ನು 4ರಿಂದ 6 ವಾರ ಮಾಡಬಾರದು. ಆ ಅವಧಿಗೆ ಮನೆಗೆಲಸದ ಹೊಣೆಯನ್ನು ಕುಟುಂಬದ ಇತರರು ವಹಿಸಿಕೊಳ್ಳುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳಬೇಕು. ಇದೂ ಚಿಕಿತ್ಸೆಯ ಒಂದು ಭಾಗವೇ ಆಗಿದೆ. ಊತ ಇಳಿದು ಅಂತಿಮ ಆಕಾರ ಬರಲು ಹಲವು ತಿಂಗಳು ಬೇಕಾಗುತ್ತದೆ.

ಜ್ವರ, ಕೀವು, ಒಂದು ಬದಿಯಲ್ಲಿ ಹಠಾತ್ ಊತ, ತೊಟ್ಟು ಕಪ್ಪಾಗುವುದು ಕಂಡುಬಂದಲ್ಲಿ ವಿಳಂಬವಿಲ್ಲದೆ ಆಸ್ಪತ್ರೆಗೆ ತೆರಳತಕ್ಕದ್ದು. ಕಾಲಿನ ಮೀನಖಂಡದಲ್ಲಿ ನೋವು, ಉಸಿರಾಟದ ತೊಂದರೆ ಅಥವಾ ಎದೆನೋವು ಉಂಟಾದಲ್ಲಿ ತಕ್ಷಣ 108 ದೂರವಾಣಿಗೆ ಕರೆ ಮಾಡತಕ್ಕದ್ದು.

ವಿಶೇಷ ಸೂಚನೆ: ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ, ವೈದ್ಯರ ಸಲಹೆಗೆ ಪರ್ಯಾಯವಲ್ಲ. ನೋವನ್ನು ಮೌನವಾಗಿ ಸಹಿಸದೆ, ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಂಡು ಸಲಹೆ ಪಡೆಯುವಂತೆ ಕೋರಲಾಗಿದೆ.